ಬೈಸಿಕೊಳ್ಳೋ ಊಟಕ್ಕೆ ಹೋದ ತಿಪ್ಪೇಶ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಸಾಲಾಗಿ ಕೂರ್ತಾರೆ, ಎಲೆ ಹಾಕಿಸ್ಕೊಳ್ತಾರೆ, ಪಾಯಸಕ್ಕಿಂತ ಮೊದಲು ಬೈಗುಳ ಬಡಿಸ್ಕೊಳ್ತಾರೆ, ಬೈದವನಿಗೆ ಶಾಲು ಹೊದಿಸಿ ಕಳಿಸ್ತಾರೆ. ಏನದು? ಗೊತ್ತಿಲ್ವಾ? ತಲೆ ಕೆರ್ಕೋಬೇಡಿ, ನಿಮಗೆ ಬರೋದೇ ಇಲ್ಲ. ಸೊಪ್ಪಿನಕೋಟೆಯಲ್ಲಿ ಹುಟ್ಟಿದವರನ್ನ ಬಿಟ್ಟು ಯಾರಿಗೂ ಬರಲ್ಲ.

ನಮ್ಮೂರಲ್ಲಿ ಅದಕ್ಕೆ ಬೈಸಿಕೊಳ್ಳೋ ಊಟ ಅಂತಾರೆ. ರಾಜಕೀಯದ ದೊಡ್ಡವರು ಪುರಭವನದಲ್ಲಿ ಮಧ್ಯಾಹ್ನದ ಔತಣ ಇಡ್ತಾರೆ. ಊಟದ ನಡುವೆ ಒಬ್ಬ ಹಾಸ್ಯಗಾರ ಎದ್ದು, ಔತಣ ಕೊಟ್ಟವರನ್ನೇ ಎಲ್ಲರೆದುರಿಗೆ ಹಿಗ್ಗಾಮುಗ್ಗಾ ಗೇಲಿ ಮಾಡಬೇಕು. ಗೇಲಿಗೆ ಸಿಕ್ಕಿದವರು ನಗಲೇಬೇಕು. ನಕ್ಕರೆ ‘ಎಂಥಾ ದೊಡ್ಡ ಮನಸ್ಸು’ ಅಂತ ಮರುದಿನ ಪೇಪರಲ್ಲಿ ಬರುತ್ತೆ. ಮಿಕ್ಕವರು? ಮಿಕ್ಕವರು ದೊಡ್ಡವರ ಮುಖ ನೋಡ್ತಾ ಕೂತಿದ್ದು, ಅವರು ನಕ್ಕ ಮೇಲೆ ನಗಬೇಕು. ಮೊದಲೇ ನಕ್ಕವನಿಗೆ ಮುಂದಿನ ವರ್ಷ ಎಲೆ ಇಲ್ಲ!

ಈ ಗೇಲಿಯ ಕೆಲಸ ಚೌಡಪ್ಪನದು. ಅದಕ್ಕೇಂತ ಪುರಭವನದ ಹಿಂದೆ ಅವನಿಗೊಂದು ಕೋಣೆ ಕೊಟ್ಟಿದ್ರು. ಚೌಡಪ್ಪ ತೀರಿಕೊಂಡ. ಉಳಿದವರು ಹೆಂಡ್ತಿ ಹಾಲಮ್ಮ, ಮಗ ತಿಪ್ಪೇಶ. ತಿಪ್ಪೇಶನಿಗೆ ಮೂವತ್ತು ವರ್ಷ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು.

ಒಂದಿನ ಪುರಸಭೆ ಅಧ್ಯಕ್ಷ ಕೊಟ್ರಪ್ಪನೋರು ಬಾಗಿಲಿಗೇ ಬಂದ್ರು.

“ಹಾಲಮ್ಮ, ಗೇಲಿ ಮಾಡೋ ಮನೆಯವರಿಗೆ ಮಾತ್ರ ಈ ಕೋಣೆ. ನಾಳೆ ನನ್ನ ಔತಣ. ನಿನ್ನ ಮಗ ಮಾಡ್ತಾನೋ, ನೀನು ಖಾಲಿ ಮಾಡ್ತೀಯೋ?”

“ಮಾಡ್ತಾನೆ ಸ್ವಾಮಿ, ಮಾಡ್ತಾನೆ!” ಅಂದಳು ಹಾಲಮ್ಮ. ಅವರು ಅತ್ತ ಹೋದರು, ಇವಳು ಇತ್ತ ಹಣೆ ಚಚ್ಚಿಕೊಂಡಳು. ಈ ಕೋಣೆ ಹೋದರೆ ಅವಳಿಗೆ ತಲೆ ಮೇಲೆ ಇನ್ನೊಂದು ಸೂರಿರಲಿಲ್ಲ.

“ತಿಪ್ಪೇಶ, ಇಲ್ಲಿ ಕೇಳು. ಅಧ್ಯಕ್ಷರನ್ನ ನಗಿಸ್ಬೇಕು. ಅವರು ನಗೋವರೆಗೂ ಬಿಡಬಾರದು. ತಿಳೀತಾ?”

“ತಿಳೀತು ಕಣವ್ವ. ಹಂಗೇ ಮಾಡ್ತೀನಿ.”

ಮಾಡಿದ. ಹಂಗೇ ಮಾಡಿದ. ಕೊಟ್ರಪ್ಪನೋರು ಹೋಳಿಗೆಗೆ ತುಪ್ಪ ಹಾಕಿಸ್ಕೊಂಡು ಇನ್ನೇನು ಬಾಯಿಗಿಡಬೇಕು, ತಿಪ್ಪೇಶ ಹಿಂದಿನಿಂದ ಹೋಗಿ ಎರಡೂ ಕಂಕುಳಿಗೆ ಕೈ ಹಾಕಿ ಕಚಗುಳಿ ಇಟ್ಟ!

“ಬಿಡಲೇ! ಬಿಡಲೇ ಮುಟ್ಠಾಳ! ಹ್ಹಿಹ್ಹಿಹ್ಹಿ! ಪೊಲೀಸ್ರನ್ನ ಕರೀರಿ! ಹ್ಹಿಹ್ಹಿಹ್ಹಿ!”

ಅಧ್ಯಕ್ಷರು ನಕ್ಕರಲ್ಲ, ಹಾಗಾಗಿ ಇಡೀ ಪುರಭವನ ನಕ್ಕಿತು. ಪೊಲೀಸರೂ ನಕ್ಕರು. ನಗುತ್ತಾ ನಗುತ್ತಾ ಅಧ್ಯಕ್ಷರು ಸಾರಿನ ಬಕೆಟ್ಟಿನೊಳಗೆ ಕೂತರು.

ಹಾಲಮ್ಮ ಮಗನ ಕಿವಿ ಹಿಂಡಿದಳು.

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ! ಮೈ ಮುಟ್ತಾರೇನೋ! ದೂರ ನಿಂತ್ಕಂಡು, ಎಲ್ರಿಗೂ ಕೇಳೋ ಹಂಗೆ, ಅವರ ಹುಳುಕು ಹೇಳ್ಬೇಕು ಕಣೋ! ನಿಮ್ಮಪ್ಪ ಹೇಳ್ತಿರಲಿಲ್ವಾ?”

“ತಿಳೀತು ಕಣವ್ವ. ಹಂಗೇ ಮಾಡ್ತೀನಿ.”

ಕೋಣೆ ಅವತ್ತೇ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಅಂದ್ರೆ ಶಾಸಕ ರುದ್ರಮುನಿಯವರಿಗೆ ಸುದ್ದಿ ಮುಟ್ಟಿತು. ಅವರೂ ಅಧ್ಯಕ್ಷರೂ ಒಂದೇ ಪಕ್ಷ, ಅದಕ್ಕೇ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ. “ಕೊಟ್ರಪ್ಪನ್ನ ಸಾರಿನ ಬಕೆಟ್ಟಿಗೆ ಕೂರಿಸಿದನಾ? ಭಲೇ! ನನ್ನ ಔತಣಕ್ಕೂ ಅವನೇ ಬರಲಿ!” ಅಂದ್ರು.

ಹಾಲಮ್ಮ ಗಂಡನ ಹಳೇ ಮಾತುಗಳನ್ನೆಲ್ಲ ಮಗನಿಗೆ ಬಾಯಿಪಾಠ ಮಾಡಿಸಿದಳು. ಶಾಸಕರ ಔತಣ ಬಂತು. ಎಲೆ ಬಿತ್ತು, ಪಲ್ಯ ಬಿತ್ತು, ಕೋಸಂಬರಿ ಬಿತ್ತು. ತಿಪ್ಪೇಶ ಎಲ್ಲಿ? ಇಲ್ಲ! ದೂರ ನಿಲ್ಲು ಅಂದಿದ್ದಳಲ್ಲ ಅವ್ವ, ಅವನು ದೂರ ಹೋಗಿ ಬಸ್ ನಿಲ್ದಾಣದಲ್ಲಿ ನಿಂತಿದ್ದ! ಎಲ್ಲರಿಗೂ ಕೇಳಬೇಕಲ್ಲ, ಬಸ್ಸು ಬಂತು ಹೋಯ್ತು ಅಂತ ಕೂಗ್ತಾರಲ್ಲ ಆ ಮೈಕು ಹಿಡಿದಿದ್ದ!

“ಮಹಾಜನಗಳೇ! ನಮ್ಮ ಶಾಸಕರು ವಿಧಾನಸಭೆಯಲ್ಲಿ ಐದು ವರ್ಷಕ್ಕೆ ಒಂದೇ ಸಲ ಬಾಯಿ ತೆಗೆದದ್ದು! ಅದೂ ಆಕಳಿಸೋದಕ್ಕೆ!”

ಬಸ್ ನಿಲ್ದಾಣದಲ್ಲಿ ಯಾರೂ ನಗಲಿಲ್ಲ. ಬುಟ್ಟಿ ಹೊತ್ತ ಮುದುಕಿಯೊಬ್ಬಳು, “ಹೌದಲ್ವಾ?” ಅಂದಳು.

“ಆಸ್ಪತ್ರೆಗೆ ಅಡಿಗಲ್ಲು ಹಾಕಿದ್ರು! ಅದರ ಮೇಲೆ ಕೂತು ರೋಗಿಗಳು ಬಸ್ಸು ಕಾಯ್ತಾರೆ, ಪಕ್ಕದೂರಿನ ಆಸ್ಪತ್ರೆಗೆ ಹೋಗೋಕೆ!”

“ಹೌದು ಕಣ್ರಪ್ಪ! ನಾನೇ ಕೂತಿದ್ದೆ!” ಅಂದ ಒಬ್ಬ. ಜನ ಸೇರಿದರು. ಬಸ್ಸುಗಳು ನಿಂತವು. ಇನ್ನೊಂದು ಪಕ್ಷದವರು ಎಲ್ಲಿದ್ದರೋ ಓಡಿಬಂದು ತಿಪ್ಪೇಶನಿಗೆ ಹಾರ ಹಾಕಿದರು. ಪೊಲೀಸರು ಅದೇ ಹಾರ ಹಿಡಿದು ಎಳಕೊಂಡು ಹೋದರು.

“ಯಾವ ಪಕ್ಷನಲೇ ನೀನು?”

“ನಮ್ಮವ್ವನ ಪಕ್ಷ ಸಾರ್!”

ಶಾಸಕರು ಎಂಜಲು ಕೈಯಲ್ಲೇ ಓಡಿಬಂದ್ರು. “ಇದೇ ಮಾತು ಒಳಗೆ ಹೇಳಿದ್ರೆ ಹಾಸ್ಯ ಕಣಯ್ಯಾ! ಹೊರಗೆ ಹೇಳಿದ್ರೆ ಆಪಾದನೆ! ಅಷ್ಟೂ ಗೊತ್ತಾಗಲ್ವಾ!”

ಪೊಲೀಸರು ಬಿಟ್ಟು ಕಳಿಸಿದಾಗ ಮನೆಯಲ್ಲಿ ಹಾಲಮ್ಮ ಕಾಯ್ತಿದ್ದಳು.

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ! ಅಷ್ಟು ದೂರ ಹೋಗ್ತಾರೇನೋ! ಎದುರಿಗೇ ನಿಲ್ಲಬೇಕು, ಮುಖ ನೋಡ್ಕಂಡು ಮಾತಾಡ್ಬೇಕು. ಮುಖ ನಗ್ತಿದ್ರೆ ನಿಲ್ಲಿಸಬಾರದು. ಮುಖ ನಗದಿದ್ರೆ ಬಾಯಿ ತೆರೀಬಾರದು!”

“ತಿಳೀತು ಕಣವ್ವ. ಹಂಗೇ ಮಾಡ್ತೀನಿ.”

ಆ ವಾರವೇ ಪುರಭವನದಲ್ಲಿ ಮಾಜಿ ಸಂಸದ ಬಕ್ಕೇಶಪ್ಪನವರ ಪುಣ್ಯತಿಥಿ ಊಟ. ಸತ್ತು ಒಂದು ವರ್ಷ. ಬದುಕಿದ್ದಾಗ ಚೌಡಪ್ಪನ ಗೇಲಿ ಅಂದ್ರೆ ಅವರಿಗೆ ಪ್ರಾಣ. ಅದಕ್ಕೇ ಅವರ ಹೆಂಡತಿ, “ಚೌಡಪ್ಪನ ಮಗನೂ ನಾಲ್ಕು ಮಾತಾಡ್ಲಿ” ಅಂತ ಕರೆಸಿದರು. ಹಂಗಾಗಿ ಕೋಣೆ ಈ ಸಲವೂ ಉಳೀತು.

ತಿಪ್ಪೇಶ ಹೋಗಿ ನಿಂತ. ಮುಖ ನೋಡಿದ. ಅಧ್ಯಕ್ಷರು ನೋಡಿದ್ರೆ ಅಳುಮೋರೆ. ಶಾಸಕರು ನೋಡಿದ್ರೆ ಅಳುಮೋರೆ. ಕರ್ಚೀಫು ಮರೆತು ಬಂದವರು ಪಕ್ಕದವರ ಶಲ್ಯಕ್ಕೆ ಕಣ್ಣೊರೆಸ್ತಿದ್ದಾರೆ. ನಗೋ ಮುಖ ಒಂದೂ ಇಲ್ಲ. ಬಾಯಿ ಮುಚ್ಚಿಕೊಂಡು ಬರ್ತಾನೆ ಅಂದ್ಕೊಂಡ್ರಾ? ಒಂದಿತ್ತು! ನಡುವೆ, ಹಾರ ಹಾಕಿದ್ದ ಫೋಟೋದಲ್ಲಿ, ಬಕ್ಕೇಶಪ್ಪನವರು ಮೂವತ್ತೆರಡೂ ಹಲ್ಲು ಬಿಟ್ಟು ನಗ್ತಾ ಇದ್ದರು!

“ಏನ್ ಸ್ವಾಮಿ! ನಲ್ಲೀಲಿ ನೀರು ಬರುತ್ತೆ ಬರುತ್ತೆ ಅಂತ ಇಪ್ಪತ್ತು ವರ್ಷ ಹೇಳಿದ್ರಿ. ನೀರು ಬರಲಿಲ್ಲ, ನೀವೇ ಹೋದ್ರಿ!”

ಫೋಟೋ ನಗ್ತಾನೇ ಇತ್ತು.

“ಮೂರು ಸಲ ಪಕ್ಷ ಬದಲಾಯಿಸಿದ್ರಿ. ಈಗ ಮೇಲೆ ಯಾವ ಪಕ್ಷ ಸ್ವಾಮಿ? ಸ್ವರ್ಗಾನೋ, ಅಥವಾ ಅಲ್ಲೂ ಮಾತುಕತೆ ನಡೀತಿದೆಯೋ?”

“ಸುಮ್ನಿರೋ!” ಅಂದ್ರು ಶಾಸಕರು.

“ಹೆಂಗೆ ಸುಮ್ನಿರಲಿ ಸಾರ್? ಅವರು ನಗ್ತಿದಾರೆ!”

ಒಂದು ತಾಸಾಯ್ತು. ಅನ್ನ ಆರಿತು, ಸಾರು ಆರಿತು. ಫೋಟೋ ನಗು ನಿಲ್ಲಿಸಲಿಲ್ಲ, ತಿಪ್ಪೇಶ ಮಾತು ನಿಲ್ಲಿಸಲಿಲ್ಲ. ಹೆಂಡತಿ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಣೀತಾ ಇತ್ತು. ಎಲ್ಲರೂ ಅಳ್ತಿದಾರೆ ಅಂದ್ಕೊಂಡ್ರು. ನಾನು ಪಕ್ಕದಿಂದ ನೋಡಿದೆ, ಅಳ್ತಿರಲಿಲ್ಲ! ಕೊನೆಗೆ ಕೊಟ್ರಪ್ಪನೋರೇ ಎದ್ದು ಫೋಟೋನ ಗೋಡೆ ಕಡೆ ತಿರುಗಿಸಿದರು. ತಿಪ್ಪೇಶ ಗಪ್‌ಚಿಪ್.

“ಹಾಲಮ್ಮ! ಮುಂದಿನ ಔತಣ ಮಂತ್ರಿಗಳದ್ದು. ಅಲ್ಲಿ ಏನಾದ್ರೂ ಎಡವಟ್ಟಾದ್ರೆ, ನಿನ್ನ ಪಾತ್ರೆ ಪಡಗ ಬೀದೀಲಿ!” ಅಂತ ಕೂಗಿದರು ಕೊಟ್ರಪ್ಪನೋರು.

ಮಂತ್ರಿ ವಾಮದೇವಪ್ಪನವರು ತಾವಾಗಿಯೇ ತಿಪ್ಪೇಶನನ್ನು ಕೇಳಿದ್ದರು. ಸತ್ತ ಬಕ್ಕೇಶಪ್ಪ ಅವರ ಹಳೇ ವೈರಿ, ಅದಕ್ಕೆ. ಆದ್ರೂ ಹುಷಾರು. ಮೊದಲೇ ತಮ್ಮ ಪಿ.ಎ. ಶ್ರೀಕಂಠಯ್ಯನನ್ನು ಕೋಣೆಗೆ ಕಳಿಸಿದರು.

“ಮಂತ್ರಿಗಳನ್ನ ಯಾರೋ ಬಂದು ಗೇಲಿ ಮಾಡೋಕಾಗುತ್ತೇನಮ್ಮ?” ಅಂದ ಶ್ರೀಕಂಠಯ್ಯ. “ಮಂತ್ರಿಗಳ ಗೇಲೀನ ಮಂತ್ರಿಗಳ ಆಫೀಸೇ ಬರೆಯುತ್ತೆ. ತಗೋ, ಈ ಹಾಳೆ ಓದ್ಲಿ. ಓದಿ ಆದ ಮೇಲೆ ಕೊಟ್ರಪ್ಪನೋರ ಕೈಗೆ ಕೊಡ್ಲಿ.”

ಹಾಲಮ್ಮನಿಗೆ ಓದೋಕೆ ಬರಲ್ಲ. ಬರೆದ ಹಾಳೆ ಸಿಕ್ಕಿತಲ್ಲ ಅಂತ ಕಣ್ಣಲ್ಲಿ ನೀರೇ ಬಂತು.

“ಕೇಳೋ ಒರಳುಕಲ್ಲೇ! ಮುಟ್ಟಬೇಡ, ದೂರ ಹೋಗ್ಬೇಡ, ಮುಖ ನೋಡ್ಬೇಡ. ನಿನ್ನ ತಲೆ ಉಪಯೋಗಿಸಲೇಬೇಡ! ಈ ಹಾಳೇಲಿ ಏನಿದೆಯೋ ಒಂದಕ್ಷರ ಬಿಡದೆ ಓದು. ಅದು ಏನು ಮಾಡು ಅನ್ನುತ್ತೋ ಮಾಡು. ನಮ್ಮ ಸೂರು ನಿನ್ನ ಕೈಲಿದೆ ಮಗನೇ.”

“ತಿಳೀತು ಕಣವ್ವ. ಹಂಗೇ ಮಾಡ್ತೀನಿ.”

ಔತಣದ ದಿನ ಪುರಭವನದ ತುಂಬಾ ಜನ. ಪೇಪರಿನವರು, ಟಿವಿಯವರು. ಹಾಲಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು. ತಿಪ್ಪೇಶ ಹಾಳೆ ಬಿಡಿಸಿದ.

“ಮಾನ್ಯ ಮಂತ್ರಿಗಳಲ್ಲಿ ಒಂದು ದೊಡ್ಡ ದೋಷವಿದೆ. ಅವರು ಸದಾ ಜನರಿಗಾಗಿ ದುಡಿಯುತ್ತಾರೆ, ನಿದ್ದೆಯನ್ನೇ ಮಾಡುವುದಿಲ್ಲ. ಇಲ್ಲಿ ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.”

ಮಂತ್ರಿಗಳು ಮುಗುಳ್ನಕ್ಕರು.

“ಹೊಟ್ಟೆ ಹಿಡ್ಕಳ್ಳಿ ಸಾರ್! ಬರೆದಿದೆ!”

ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭೆ ನಕ್ಕಿತು. ಹಾಲಮ್ಮ ಉಸಿರು ಬಿಟ್ಟಳು. ತಿಪ್ಪೇಶ ಮುಂದಿನ ಸಾಲಿಗೆ ಹೋದ.

“ಹೇಳಕೂಡದ ವಿಷಯಗಳು. ಒಂದು. ಕೆರೆಯ ಹೂಳು ಮಂತ್ರಿಗಳ ಭಾವಮೈದುನನ ಇಟ್ಟಿಗೆ ಗೂಡಿಗೆ ಹೋದದ್ದು.”

ಸೌಟು ಬಿದ್ದ ಸದ್ದಾಯ್ತು.

“ಎರಡು. ಮೂರು ಸಲ ಉದ್ಘಾಟನೆ ಆದರೂ ಇನ್ನೂ ಕಟ್ಟದಿರುವ ಸೇತುವೆ. ಮೂರು. ಮಂತ್ರಿಗಳ ತಲೆಗೂದಲು ಅವರದಲ್ಲ ಎಂಬುದು.”

ಕ್ಯಾಮೆರಾಗಳೆಲ್ಲ ಮಂತ್ರಿಗಳ ಕಡೆ ತಿರುಗಿದವು. ಏನು ಮಾಡ್ತಾರೆ ಪಾಪ? ಬೈಸಿಕೊಳ್ಳೋ ಊಟ, ನಗಲೇಬೇಕು! “ಹ್ಹ ಹ್ಹ ಹ್ಹ!” ಅಂದ್ರು. ಸಭೆಯೂ “ಹ್ಹ ಹ್ಹ ಹ್ಹ!” ಅಂತು. ಮಂತ್ರಿಗಳ ಕಣ್ಣಲ್ಲಿ ನೀರು, ಅದು ಮಾತ್ರ ನಿಜವಾದ್ದು. ತಿಪ್ಪೇಶ ಹಾಳೆ ತಿರುಗಿಸಿದ. ಶ್ರೀಕಂಠಯ್ಯ ಎದ್ದು ಓಡಿಬರುವಾಗ ಪಾಯಸದ ಮೇಲೆ ಜಾರಿಬಿದ್ದ.

“ಕೊಟ್ರಪ್ಪನವರ ಗಮನಕ್ಕೆ. ಈತ ಚೆನ್ನಾಗಿ ಮಾಡಲಿ, ಕೆಟ್ಟದಾಗಿ ಮಾಡಲಿ, ಔತಣ ಮುಗಿದ ಕೂಡಲೇ ಆ ಕೋಣೆ ಖಾಲಿ ಮಾಡಿಸಿ ಪಕ್ಷದ ಕಚೇರಿ ಮಾಡಿಕೊಳ್ಳುವುದು. ತಾಯಿಗೆ ಈಗಲೇ ತಿಳಿಸಕೂಡದು. ಓದಿದ ಮೇಲೆ ಹರಿದು ಹಾಕುವುದು.”

ಯಾರೂ ನಗಲಿಲ್ಲ. ಹಾಲಮ್ಮ ಎಲೆಗಳ ಸಾಲಿನ ನಡುವೆ ನಡೆದುಕೊಂಡು ಬಂದಳು. ಮಂತ್ರಿಗಳ ಎಲೆ ಮುಂದೆ ನಿಂತಳು.

“ಇದೂ ಹಾಸ್ಯವೇನು ಸ್ವಾಮಿ?”

ಮಂತ್ರಿಗಳು ಕ್ಯಾಮೆರಾ ನೋಡಿದರು. “ಹಾಸ್ಯ! ಎಲ್ಲಾ ಹಾಸ್ಯ ಕಣಮ್ಮ!”

“ಹಂಗಾದ್ರೆ ಕೋಣೆ ನಮ್ಮದೇ ಅಂತ ಬರ್ಕೊಡಿ.”

ಬರೆದರು! ಎಂಜಲು ಕೈ ತೊಳೆದು, ಅಲ್ಲೇ, ಪೆನ್ನು ತಗೊಂಡು, ಹಾಲಮ್ಮ ಇರೋವರೆಗೂ, ತಿಪ್ಪೇಶ ಇರೋವರೆಗೂ ಕೋಣೆ ಅವರದ್ದೇ ಅಂತ ಬರೆದು ಸಹಿ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಹಾಲಮ್ಮ ಆ ಕಾಗದವನ್ನ ಕಣ್ಣಿಗೊತ್ತಿಕೊಂಡು ಮಗನ ಕೈಗಿಟ್ಟಳು.

“ಓದೋ ನನ್ನ ಬಂಗಾರ! ಎಲ್ರಿಗೂ ಕೇಳೋ ಹಂಗೆ ಓದು!”

ತಿಪ್ಪೇಶ ಓದಿದ. ಒಂದಕ್ಷರ ಬಿಡದೆ ಓದಿದ. ಓದಿದ ಮೇಲೆ ಹರಿದು ಹಾಕಬೇಕಲ್ಲ? ಪರ್, ಪರ್, ಪರ್ ಅಂತ ನಾಲ್ಕು ಚೂರು ಮಾಡಿ ಎಂಜಲೆಲೆ ಮೇಲೆ ಹಾಕಿದ. ಆಮೇಲೆ ಆ ಹಳೇ ಹಾಳೆಯನ್ನ ನೀಟಾಗಿ ಮಡಚಿ, ಎರಡೂ ಕೈಲಿ ಹಿಡಿದು, ಕೊಟ್ರಪ್ಪನೋರಿಗೆ ಕೊಟ್ಟ.

“ಇದು ನಿಮಗಂತೆ ಸಾರ್. ಜೋಪಾನ!”

ಒಂದು ಮಾತು ಒಪ್ಕೊಂಡುಬಿಡ್ತೀನಿ. ಈ ಕೊನೇದನ್ನ ಕಟ್ಟಿದ್ದು ನಾನೇ. ತಿಪ್ಪೇಶ ಹಾಳೆ ತಿರುಗಿಸಿ ಓದಿದ, ಹಾಲಮ್ಮ ಬಂದು ಕೇಳಿದಳು, ಮಂತ್ರಿಗಳು ‘ಹಾಸ್ಯ’ ಅಂದ್ರು. ಅಲ್ಲೀವರೆಗೆ ಸರಿ. ಕಾಗದ ಬರೆದುಕೊಟ್ಟದ್ದು, ಹರಿದದ್ದು ಮಾತ್ರ ಸುಳ್ಳು. ಹರಿಯೋಕೆ ಕಾಗದ ಎಲ್ಲಿತ್ತು? ಮಂತ್ರಿಗಳು ಇನ್ನೊಂದು ಸಲ ನಕ್ಕು, ಪಾಯಸ ಕುಡಿದು, ಕಾರು ಹತ್ತಿದರು. ಕೋಣೆ ಪಕ್ಷದ ಕಚೇರಿ ಆಯ್ತು. ಹಾಲಮ್ಮನಿಗೆ ಬರೆದುಕೊಟ್ಟ ಆ ಮಂತ್ರಿಯನ್ನ ಹುಟ್ಟಿಸಿದ್ದು ನಾನು.