ಊರಿಗೆಲ್ಲ ಕೇಳುವ ಕಾರು

ರಾಣೆಬೆನ್ನೂರಿನ ಮೆಕ್ಯಾನಿಕ್ ಫಕೀರಪ್ಪನಿಗೆ ಗಿರಾಕಿ ಜೋರು ಮಾಡಿದಷ್ಟೂ ತಲೆ ತಣ್ಣಗಾಗುತ್ತಿತ್ತು. ಅವತ್ತು ಜೋರು ಮಾಡಿದವನು ಚನ್ನವೀರ. ಮೊಟ್ಟೆಯ ಹೆಸರು ಕಿವಿಗೆ ಬಿದ್ದರೂ ಸ್ನಾನಕ್ಕೆ ಓಡುವಷ್ಟು ಮಡಿವಂತರಾದ ಅಡತಿ ಸಾಹುಕಾರರ ಮನೆಅಳಿಯ.

“ನನ್ನ ಸ್ಪೋರ್ಟ್ಸ್ ಕಾರಿಗೆ ಈ ತೆರೆದ ಏರ್ ಫಿಲ್ಟರ್‌ನ ಹಾಕು. ಅದು ಗಾಳಿ ಎಳೆಯೋ ಸದ್ದು ಊರಿಗೆಲ್ಲ ಕೇಳಬೇಕು!”

“ಇದು ಎಂಜಿನ್ನಿನ ಬಿಸಿ ಗಾಳೀನ ಎಳಿತೈತ್ರಿ. ಸದ್ದು ಜಾಸ್ತಿ, ಓಟ ಕಮ್ಮಿ. ಮುಚ್ಚಿದ ಡಬ್ಬಿಯೊಳಗಿಂದು ಹಾಕಸ್ರಿ.”

“ನಿನ್ನ ಪುರಾಣ ಯಾರಿಗೆ ಬೇಕಾಗೇತಿ? ಹಾಕದಿದ್ರ ನಿನಗ ಕೆಲಸಾನ ಬರೂದಿಲ್ಲ ಅಂತ ಊರ ತುಂಬ ಹೇಳ್ತೀನಿ.”

ಫಕೀರಪ್ಪ ಸ್ಪ್ಯಾನರ್ ಎತ್ತಿಕೊಂಡು ಬೋಲ್ಟು ಬಿಚ್ಚುತ್ತಲೇ ಆ ಫಿಲ್ಟರನ್ನು ಹೊಗಳತೊಡಗಿದ.

“ಸದ್ದಂದ್ರ ಇದರದು ಸದ್ದು ನೋಡ್ರಿ. ನೀವು ದಿನಾ ಸಂಜಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಕಬಾಬ್ ಅಂಗಡಿ ಮುಂದ ಗಾಡಿ ಚಾಲೂ ಮಾಡ್ತೀರಲ್ಲ? ಇನ್ನ ಮ್ಯಾಲೆ ಪೂಜಿಗೆ ಕುಂತ ನಿಮ್ಮ ಮಾವನೋರು ಕುಂತಲ್ಲಿಂದನ ಗುರುತು ಹಿಡಿತಾರ, ನಮ್ಮ ಅಳಿಯಂದ್ರು ಅಲ್ಲೆ ಅದಾರ ಅಂತ.”

ಚನ್ನವೀರನ ಕೈ ತಾನಾಗಿಯೇ ಸ್ಪ್ಯಾನರ್ ಹಿಡಿದು ನಿಲ್ಲಿಸಿತು. ಆಚೆ ಈಚೆ ನೋಡಿ ದನಿ ತಗ್ಗಿಸಿದ.

“ಫಕೀರಪ್ಪಣ್ಣಾರ, ಡಬ್ಬಿಯೊಳಗಿಂದು ಅಂದ್ರಲ್ಲ... ಅದರಾಗ ಒಟ್ಟ ಸದ್ದ ಮಾಡದಿರೋದು ಐತೇನ್ರಿ?”