ಪೈಲ್ವಾನ್ ಜವರನ ಖುರಾಕಿನ ಗುಟ್ಟು

ನಮ್ಮೂರ ಗರಡಿಯಂಥ ಗರಡಿ ಸುತ್ತ ಹತ್ತೂರಲ್ಲಿಲ್ಲ. ಅನುಮಾನ ಇದ್ದವರು ಬಂದು ಮಣ್ಣು ಮುಟ್ಟಿ ನೋಡಲಿ!

ಆ ಗರಡಿಯ ಹುಲಿ ಪೈಲ್ವಾನ್ ಜವರ. ಬೆನ್ನು ಅಂದರೆ ಬಾಗಿಲ ಹಲಗೆ, ತೋಳು ಅಂದರೆ ಒನಕೆ. ಅವನು ತೊಡೆ ತಟ್ಟಿದ್ದನ್ನು ಕೇಳಿಯೇ ಮನೆಗೆ ಓಡಿಹೋದ ಜಟ್ಟಿಗಳುಂಟು. ಬೆಳ್ಳಿ ಗದೆಯ ಕುಸ್ತಿ ಹತ್ತಿರ ಬಂದಿತ್ತು. ಪಕ್ಕದೂರಿನ ಪೈಲ್ವಾನ್ ಮುದ್ದನಿಗೆ ಮಣ್ಣು ಮುಕ್ಕಿಸಿ ಆ ಗದೆಯನ್ನು ಹೆಗಲಿಗೇರಿಸಬೇಕು, ಅದೊಂದೇ ಜವರನ ಆಸೆ.

ಪೈಲ್ವಾನರು ಬಲಕ್ಕೆಂದು ತಿನ್ನುವುದಕ್ಕೆ ಖುರಾಕು ಅನ್ನುತ್ತಾರೆ. ಖುರಾಕು ಏನೆಂದು ಗರಡಿಯ ಹೊಸಿಲಾಚೆ ಬಾಯಿ ಬಿಡಕೂಡದು, ಅದು ಕಟ್ಟುಪಾಡು. ಬಿಟ್ಟರೆ ಎದುರಾಳಿಯೂ ಅದನ್ನೇ ತಿಂದು ಬಲಿತುಬಿಡುತ್ತಾನಲ್ಲ! ಆ ವರ್ಷ ಗರಡಿಯ ಗುರು ಉಸ್ತಾದರು ಜವರನಿಗೆ ಹೊಸ ಖುರಾಕು ಕೊಟ್ಟರು. ಕರಿ ಎಳ್ಳು ಹುರಿದು, ಬೆಲ್ಲ ಹಾಕಿ ಕುಟ್ಟಿದ ಉಂಡೆ. ಸಂಕ್ರಾಂತಿಯ ಎಳ್ಳು ತಿಂದಾಗಲೂ ಜವರನ ನಾಲಿಗೆ ನವೆಯಾಗುತ್ತಿತ್ತು. ಆದರೆ ಅಂಥ ಪೈಲ್ವಾನನಿಗೆ ನಾಲಿಗೆಯ ನವೆ ಯಾವ ಲೆಕ್ಕ?

ಉಂಡೆ ತಿನ್ನತೊಡಗಿದ್ದೇ ತಡ, ಮೈತುಂಬ ಕೆಂಪು ಗಂಧೆ ಎದ್ದವು. ತುಟಿ ಊದಿಕೊಂಡಿತು. ಕುಸ್ತಿಗೆ ಮುಂಚೆಯೇ ಹೊಡೆಸಿಕೊಂಡವನ ಹಾಗೆ ಕಂಡ.

ನಾಟಿವೈದ್ಯ ನಂಜಪ್ಪ ಪಂಡಿತರು ದೊಡ್ಡಪತ್ರೆ ಎಲೆ ಹಿಂಡಿ ಮೈಗೆ ಸವರಿದರು. ನವೆ ಕೊಂಚ ತಣಿಯಿತು.

"ಇದು ಮೇಲಿನ ಉರಿಗೆ ಅಷ್ಟೇ ಕಣಪ್ಪ. ಹೊಸದಾಗಿ ಏನಾದ್ರೂ ತಿಂತಿದ್ದೀಯಾ?"

"ಏನೂ ಇಲ್ಲ ಪಂಡಿತರೇ. ಕಲ್ಲು ತಿಂದ್ರೂ ಕರಗಿಸೋ ಹೊಟ್ಟೆ ನಂದು!"

ಪಂಡಿತರು ನಂಬಿದರು. ಎಳ್ಳೆಣ್ಣೆಯಲ್ಲಿ ಬೇರು ಕುದಿಸಿದ ತೈಲ ಕೊಟ್ಟರು. ಜವರ ಮೈತುಂಬ ಮೆತ್ತಿಕೊಂಡ. ಗಂಧೆ ಎರಡರಷ್ಟಾದವು.

ಇನ್ನು ಆಸ್ಪತ್ರೆ. ಡಾಕ್ಟರಮ್ಮ ವಿಶಾಲಾಕ್ಷಿ ನೋಡಿದೊಡನೆ ಹೇಳಿದರು: "ಇದು ಅಲರ್ಜಿ. ನಿನ್ನ ಮೈಯ ಕಾವಲುಗಾರ ಯಾರೋ ನೆಂಟನನ್ನ ಕಳ್ಳ ಅಂದ್ಕೊಂಡು ಊರೆಲ್ಲ ಎಬ್ಬಿಸ್ತಾ ಇದ್ದಾನೆ. ಮಾತ್ರೆ ಕೊಟ್ಟು ಗಲಾಟೆ ಅಡಗಿಸ್ತೀನಿ. ಆದ್ರೆ ಆ ನೆಂಟ ಯಾರು ಅಂತ ಗೊತ್ತಾಗ್ಬೇಕಲ್ಲ? ಏನು ತಿಂದೆ?"

"ಮುದ್ದೆ, ಸಾರು."

"ಬೇರೆ ಕಡೆ ಮದ್ದು ಮಾಡಿಸಿದ್ದೀಯಾ?"

"ಅಯ್ಯೋ, ಇಲ್ಲ ಡಾಕ್ಟರಮ್ಮ!"

ಮಾತ್ರೆಗೆ ಗಂಧೆ ಮಾಯವಾದವು. "ಬಿತ್ತು ನೋಡು ಅಲರ್ಜಿ, ಅಂಗಾತ!" ಎಂದು ಜವರ ತೊಡೆ ತಟ್ಟಿದ. ಖುಷಿಗೆ ಇನ್ನೊಂದು ಉಂಡೆ ಹೆಚ್ಚಿಗೇ ತಿಂದ.

ಮಾರನೆಯ ಬೆಳಗ್ಗೆ ಉಂಡೆ ಗಂಟಲಿಳಿದದ್ದೇ ತಡ, ಗಂಟಲು ಬಿಗಿಯಿತು. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಹುಲಿಯಂಥವನು ಕುರಿಮರಿಯ ಹಾಗೆ ಕುಸಿದ. ಗರಡಿಯವರು ಆಟೋಗೆ ತುಂಬಿಕೊಂಡು ಆಸ್ಪತ್ರೆಗೆ ಹಾರಿದರು. ಡಾಕ್ಟರಮ್ಮ ಒಂದು ಮಾತೂ ಕೇಳದೆ ತೊಡೆಗೆ ಸೂಜಿ ಚುಚ್ಚಿದರು. ನಿಧಾನಕ್ಕೆ ಉಸಿರು ತೆರೆಯಿತು. ಸುದ್ದಿ ಕೇಳಿ ಪಂಡಿತರೂ ಓಡಿಬಂದರು.

"ಇವತ್ತು ಬದುಕಿದೆ. ಇನ್ನೊಂದ್ಸಲ ಹೀಗಾದ್ರೆ ಇಲ್ಲಿಗೆ ಮುಟ್ತೀಯೋ ಇಲ್ವೋ," ಅಂದರು ಡಾಕ್ಟರಮ್ಮ. "ಈಗಲಾದ್ರೂ ಹೇಳು, ಏನು ತಿಂದೆ?"

ಜವರ ಬಾಯಿ ತೆರೆದವನು ಹಾಗೇ ಮುಚ್ಚಿದ. ಪಕ್ಕದ ಮಂಚದಲ್ಲಿ ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವನು ಬೇರಾರೂ ಅಲ್ಲ, ಪೈಲ್ವಾನ್ ಮುದ್ದ! ಹೇಳಿದರೆ ಗರಡಿಯ ಗುಟ್ಟು ಹೋಯಿತು. ಹೇಳದಿದ್ದರೆ ಜೀವ.

ಕಣ್ಣು ಮುಚ್ಚಿ ಹೇಳಿಯೇಬಿಟ್ಟ. "ಕರಿ ಎಳ್ಳು ಡಾಕ್ಟರಮ್ಮ. ಹುರಿದು, ಬೆಲ್ಲ ಹಾಕಿ, ಉಂಡೆ. ಪಂಡಿತರ ತೈಲಾನೂ ಹಚ್ಚಿದ್ದೆ."

ಮುದ್ದ ಹೊಟ್ಟೆ ಹಿಡಿದು ನಕ್ಕ. "ಥೂ ನಿನ್ನ! ನಮ್ಮ ಗರಡಿ ಗುಟ್ಟೂ ಅದೇ ಕಣ್ಲಾ! ನಾನು ಹೆಂಡ್ತಿಗೂ ಹೇಳ್ದೆ ಮುಚ್ಚಿಟ್ಟಿದ್ದೆ!"

ಪಂಡಿತರು ಹಣೆ ಚಚ್ಚಿಕೊಂಡರು. "ನನ್ನ ತೈಲಾನೂ ಎಳ್ಳೆಣ್ಣೇದೇ! ಒಂದು ಮಾತು ಹೇಳಿದ್ರೆ ಮುಟ್ಟಿಸ್ತಿದ್ನಾ? ಉಸಿರು ಕಟ್ಟೋ ಕಾಯಿಲೆಗೆ ನನ್ನ ಬಾಗಿಲಿಗೂ ಬರಬೇಡ ಮಾರಾಯ, ನೆಟ್ಟಗೆ ಇಲ್ಲಿಗೆ ಬಾ."

ಪರೀಕ್ಷೆ ಮಾಡಿಸಿದಾಗಲೂ ಎಳ್ಳೇ ಎಂದು ಖಾತ್ರಿಯಾಯಿತು. ಅಂದಿನಿಂದ ಜವರನ ಬಾಯಿಗೂ ಮೈಗೂ ಎಳ್ಳು ಬಂದ್.

ಆ ಸಲ ಡಾಕ್ಟರಮ್ಮ ಕುಸ್ತಿಗಿಳಿಯಲು ಬಿಡಲಿಲ್ಲ. ಬೆಳ್ಳಿ ಗದೆ ಮುದ್ದನ ಪಾಲಾಯಿತು. ಜವರ ಎದೆ ತುಂಬ ಗಾಳಿ ಎಳೆದುಕೊಂಡು, ಇಡೀ ಅಖಾಡಕ್ಕೆ ಕೇಳುವಂತೆ ಕೂಗಿದ:

"ಮುಂದಿನ ವರ್ಷ ಹುರುಳಿಕಾಳು, ಬೆಣ್ಣೆ ತಿಂದು ಬರ್ತೀನಿ ಕಣ್ಲಾ ಮುದ್ದಾ! ತಾಕತ್ತಿದ್ರೆ ನೀನೂ ಅದನ್ನೇ ತಿಂದು ಬಾ!"

ನೀತಿ: ಅಲರ್ಜಿ ಬಂದವನು ಕೈಲಾಗದವನಲ್ಲ, ಅದನ್ನು ಮುಚ್ಚಿಡುವವನೇ ದಡ್ಡ. ಮೈಗೆ ಯಾವುದು ಒಗ್ಗದೋ ಅದನ್ನು ಮೊದಲು ಪತ್ತೆ ಮಾಡಿ ಬಿಡಬೇಕು. ಮಾತ್ರೆಯಾಗಲಿ, ಸೊಪ್ಪಾಗಲಿ, ಮದ್ದು ಕೊಡುವವರ ಮುಂದೆ ತಿಂದದ್ದು, ಹಚ್ಚಿದ್ದು ಎಲ್ಲವನ್ನೂ ಹೇಳಬೇಕು. ಉಸಿರಿಗೆ ತೊಂದರೆಯಾದರೆ ಮನೆಮದ್ದು ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.