ನಿಂತ ಪಂಕ್ತಿ

ಪೂಜ್ಯ ನೀಲಗಂಗಾ ಮಾತೆಯವರ ಆಶ್ರಮವನ್ನು ಹೊಸಬರು ಕೇಳಿ ಕೇಳಿಯೇ ಹುಡುಕಬೇಕಾಗಿತ್ತು. ಕಲ್ಲುಗಣಿಗಳ ನಡುವೆ ಒಂದು ತಗಡಿನ ಚಪ್ಪರ, ಅದಕ್ಕೆ ಹೊಂದಿಕೊಂಡು ಮಣ್ಣಿನ ಅಡುಗೆಮನೆ, ಅಷ್ಟೆ. ದರ್ಶನಕ್ಕೆ ಬಂದವರು ಮಾತೆಯವರನ್ನು ಗದ್ದುಗೆಯ ಮೇಲೆ ಹುಡುಕುತ್ತಿದ್ದರು. ಅವರೋ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಸೋತ ಮೊಣಕಾಲು. ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದರು.

ಅಲ್ಲಿನ ದಾಸೋಹಕ್ಕೆ ಒಂದು ನಿಯಮವಿತ್ತು. ಪಂಕ್ತಿಯಲ್ಲಿ ಎಲ್ಲರೂ ಕುಳಿತ ಮೇಲೆಯೇ ಜಯಘೋಷ, ಜಯಘೋಷ ಆದ ಮೇಲೆಯೇ ಮೊದಲ ತುತ್ತು. ಒಬ್ಬರು ನಿಂತಿದ್ದರೂ ಉಳಿದವರು ಕೈ ಕಟ್ಟಿ ಕಾಯಬೇಕು. ದೂರದಿಂದ ನಡೆದು ಬಂದ ಕಲ್ಲು ಒಡೆಯುವವನೊಬ್ಬ ಖಾಲಿ ಪಾತ್ರೆ ನೋಡಿ ತಿರುಗಿ ಹೋದದ್ದನ್ನು ಕಂಡು ಮಾತೆಯವರ ಗುರುಗಳು ಹಾಕಿಕೊಟ್ಟ ಪದ್ಧತಿ ಅದು. ಬರಬರುತ್ತಾ ಮಂದಿಗೆ ಆ ಹಸಿದವನು ಮರೆತುಹೋಗಿದ್ದ. ಪದ್ಧತಿ ಮಾತ್ರ ನೆನಪಿತ್ತು.

ಒಂದು ಶ್ರಾವಣ ಸೋಮವಾರ ಕಸ್ತೂರೆವ್ವ ಮಗಳು ಮಂದಾಕಿನಿಯನ್ನು ಅಲ್ಲಿಗೆ ಕರೆತಂದಳು. ಜಗಳ ಬಸ್ಸಿನಲ್ಲೇ ಶುರುವಾಗಿತ್ತು.

“ಸೀಟ್ ಖಾಲಿ ಐತಿ, ಕುಂದ್ರು. ಮಂದಿ ನಮ್ಮನ್ನ ನೋಡಾಕತ್ತಾರ.”

“ಆಗಂಗಿಲ್ಲವ್ವಾ.”

“ಎಲ್ಲಾ ಆಗತೈತಿ. ನಿನಗ ಮನಸ್ಸಿಲ್ಲ, ಅಷ್ಟ.”

ಮಂದಾಕಿನಿ ಕಂಬಿಗೆ ಜೋತುಬಿದ್ದು ಕಾಲು ಬದಲಿಸುತ್ತಾ ನಿಂತಳು. ಸೊಂಟದ ಕೆಳಗೆ, ಕೂರುವ ಜಾಗದಲ್ಲೇ, ಕಾದ ತಂತಿಯೊಂದನ್ನು ಯಾರೋ ಒಳಗಿಂದ ಎಳೆಯುತ್ತಿದ್ದರು. ಅದು ತೊಡೆಯ ಒಳಮೈಗುಂಟ ಇಳಿಯುತ್ತಿತ್ತು. ಗಳಿಗೆ ಬಿಟ್ಟು ಕರೆಂಟು ಹೊಡೆದಂತೆ, ಮತ್ತೆ ಗಳಿಗೆ ಬಿಟ್ಟು ಇರುವೆಯ ಗೂಡು ಕದಡಿದಂತೆ. ಕೂತರೆ ಬೆಂಕಿ; ನಿಂತರೆ ಬೂದಿ ಮುಚ್ಚಿದ ಕೆಂಡ. ನಡೆದಾಡುತ್ತಿದ್ದರೆ ಸ್ವಲ್ಪ ವಾಸಿ. ಹೀಗಾಗಿ ಅವಳು ಎಲ್ಲಿದ್ದರೂ ಕಟ್ಟಿಹಾಕಿದ ಕರುವಿನಂತೆ ಸುತ್ತುತ್ತಲೇ ಇರುತ್ತಿದ್ದಳು.

ಸ್ಕ್ಯಾನಿಂಗ್ ಆಗಿತ್ತು, ರಕ್ತ ಪರೀಕ್ಷೆ ಆಗಿತ್ತು, ಎಲ್ಲವೂ ಸರಿ ಇತ್ತು. ಸರಿ ಇದೆ ಎಂಬ ಮಾತೇ ಅವಳಿಗೆ ಮುಳುವಾಯಿತು. ಗಂಡನ ಮನೆಯಲ್ಲಿ ಖಣದ ಕುಪ್ಪಸ ಹೊಲಿಯುವ ಕಸುಬು. ಹೊಲಿಗೆ ಯಂತ್ರದ ಮುಂದೆ ಬೆಳಗಿನಿಂದ ಸಂಜೆಯವರೆಗೂ ಕೂರಬೇಕು. ಕೂರಲಾರದ ಸೊಸೆಯನ್ನು ಅವರು ತವರಿಗೆ ಬಿಟ್ಟುಹೋಗಿದ್ದರು. ಕಸ್ತೂರೆವ್ವ ಒಂದೇ ಮಾತು ಹೇಳಿದ್ದಳು: “ಆಶ್ರಮದ ಅವ್ವಾರ ಬಾಯಿಂದ ಬರ್ಲಿ. ಇದು ಜಡ್ಡಲ್ಲ ಅಂದ್ರಂದ್ರ ನಾಳೆನ ನಿನ್ನ ಗಂಡನ ಮನಿಗೆ ಕಳಸಾಕಿ. ಮಿಷನ್ ಮುಂದ ಕುಂದ್ರಬೇಕು, ಹಲ್ಲು ಕಚ್ಚಿ ಕುಂದ್ರಬೇಕು.”

ಮಂದಾಕಿನಿಗೆ ಯಾವ ಅವ್ವಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ತಾಯಿತ ಕಟ್ಟಿಸಿಕೊಂಡಾಗಿತ್ತು, ಲಿಂಬೆಹಣ್ಣು ನಿವಾಳಿಸಿಕೊಂಡಾಗಿತ್ತು. ‘ಎಲ್ಲಾ ಮನಸ್ಸಿನ್ಯಾಗ ಐತಿ’ ಎನ್ನಲು ಇನ್ನೊಬ್ಬರು, ಅಷ್ಟೇ ತಾನೆ ಎಂದುಕೊಂಡಳು.

ಊಟದ ಹೊತ್ತಾಯಿತು. ಚಪ್ಪರದ ಕೆಳಗಿನ ಹಾಸುಗಲ್ಲಿನ ಮೇಲೆ ಮಂದಿ ಸಾಲಾಗಿ ಕುಳಿತರು. ಮಂದಾಕಿನಿಯೂ ಕಣ್ಣು ಮುಚ್ಚಿ ಕುಳಿತಳು. ಕಲ್ಲು ತಾಗಿದ್ದೇ ತಡ, ತಂತಿ ಸರಕ್ಕನೆ ಎಳೆಯಿತು. ಎದ್ದುಬಿಟ್ಟಳು.

“ತಂಗೀ, ಕುಂದ್ರವ್ವ. ಸಾರು ಆರಾಕತ್ತೈತಿ,” ಎಂದ ಬಡಿಸುವ ಈರಪ್ಪಜ್ಜ.

“ನನಗ ಆಗಂಗಿಲ್ರಿ. ಹೊರಗ ಹೋಗ್ತೀನಿ, ನೀವು ಉಣ್ರಿ.”

“ಹಸಿದವರನ್ನ ಹೊರಗ ಕಳಿಸಿ ಉಣ್ಣೂದ? ಈ ಆಶ್ರಮದಾಗ ಅದು ನಡಿಯಂಗಿಲ್ಲ. ಕುಂದ್ರು.”

“ಮಹಾರಾಣ್ಯಾರಿಗೆ ಕುರ್ಚಿ ತರ್ರೋ!” ಸಾಲಿನ ತುದಿಯಲ್ಲಿದ್ದ ದಪ್ಪ ಮೀಸೆಯವನೊಬ್ಬ ಕೂಗಿದ. ನಗೆ ಎದ್ದಿತು.

“ಕುರ್ಚಿನೂ ಆಗಂಗಿಲ್ರಿ,” ಎಂದಳು. ನಗೆ ಇನ್ನೂ ಜೋರಾಯಿತು. ಅವಳು ಕಂಬದಿಂದ ಕಂಬಕ್ಕೆ ಸರಿದಳು. ಎಲ್ಲರ ಕಣ್ಣೂ ಅವಳ ಜೊತೆಗೇ ಸರಿದವು.

ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಅಳುತ್ತಾ ಕೂಗಿದಳು: “ಅವ್ವಾರ, ನೀವರ ಹೇಳ್ರಿ! ಡಾಕ್ಟರ್ ಏನೂ ಇಲ್ಲ ಅಂತಾರ, ಈಕಿ ಸಾಯ್ತೀನಿ ಅಂತಾಳ. ಖರೇನೋ ಸುಳ್ಳೋ, ಒಂದು ಮಾತು ಹೇಳಿಬಿಡ್ರಿ!”

ಮಾತೆಯವರು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಎದ್ದರು. ನಿಧಾನವಾಗಿ ಬಂದು ಮಂದಾಕಿನಿಯ ಎದುರು ನಿಂತರು. ಹಣೆ ಮುಟ್ಟಲಿಲ್ಲ, ವಿಭೂತಿ ಹಚ್ಚಲಿಲ್ಲ. ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದು, “ಎಲ್ಲಿ ನೋಯ್ತೈತಿ, ಮಗಳ?” ಎಂದು ಕೇಳಿದರು.

ಆ ಜಾಗದ ಹೆಸರನ್ನು ಮಂದಾಕಿನಿ ಡಾಕ್ಟರ ಮುಂದೆ ನುಂಗಿದ್ದಳು, ಗಂಡನ ಮುಂದೆ ನುಂಗಿದ್ದಳು, ಹಡೆದವ್ವನ ಮುಂದೂ ‘ಸೊಂಟ’ ಎಂದಷ್ಟೇ ಹೇಳಿದ್ದಳು. ಈಗ ಆ ಮುದಿ ಕಿವಿಯೊಳಗೆ ಎಲ್ಲವನ್ನೂ ಹೇಳಿದಳು. ಮೂತ್ರಕ್ಕೆ ಹೋಗುವಾಗಿನ ಉರಿ, ರಾತ್ರಿ ಹೊದಿಕೆ ತಾಗಿದರೂ ಆಗುವ ಸಂಕಟ, ಒಂದು ಕಡೆ ನಿಲ್ಲಲಾಗದ ಚಡಪಡಿಕೆ. ಮಾತೆಯವರು ತಲೆಯಾಡಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅವಳ ಮಾತು ಮುಗಿಯುವವರೆಗೂ ಬಾಗಿಯೇ ಇದ್ದರು.

“ಏನಂತೀರಿ ಅವ್ವಾರ?” ಎಂದಳು ಕಸ್ತೂರೆವ್ವ. “ಖರೇ ಏನ್ರಿ?”

“ಆಕಿ ಹೇಳ್ಯಾಳಲ್ಲ,” ಎಂದರು ಮಾತೆಯವರು. “ಮತ್ತ ನನ್ನ ಯಾಕ ಕೇಳ್ತೀ?”



ಮಂದಾಕಿನಿ ಅಳು ತಡೆದು ಕೇಳಿದಳು: “ಕಡಿಮಿ ಆಗತೈತೇನ್ರಿ ಅವ್ವಾರ?”

“ನನಗ ಗೊತ್ತಿಲ್ಲವ್ವಾ. ದವಾಖಾನಿ ಬಿಡಬ್ಯಾಡ. ಈ ಡಾಕ್ಟರಿಗೆ ತಿಳೀಲಿಲ್ಲಂದ್ರ ತಿಳಿಯೋರ ಕಡೆ ಹೋಗು.” ಆಮೇಲೆ ಈರಪ್ಪಜ್ಜನ ಕಡೆ ಕೈ ಚಾಚಿದರು: “ನನಗೊಂದು ತಾಟು ಕೊಡಪ. ನಮ್ಮಿಬ್ಬರಿಗೂ ಇಲ್ಲೇ ನೀಡು.”

“ಅವ್ವಾರ, ನಿಂತು ಉಣ್ಣೂದಾ? ಪಂಕ್ತಿ...”

“ಪಂಕ್ತಿ ಅಂದ್ರ ಯಾರನ್ನೂ ಬಿಡಬಾರದು.”

ಮಾತೆಯವರು ಕಂಬಕ್ಕೆ ಭುಜ ಕೊಟ್ಟು ನಿಂತರು. ಅವರು ನಿಂತ ಮೇಲೆ ಕುಳಿತಿರುವುದು ಹೇಗೆ? ಮೊದಲು ಈರಪ್ಪಜ್ಜನ ಹೆಂಡತಿ ಎದ್ದಳು, ಆಮೇಲೆ ಅವಳ ಪಕ್ಕದವರು, ಆಮೇಲೆ ಇಡೀ ಸಾಲು. ಜಯಘೋಷ ಆಯಿತು. ದಪ್ಪ ಮೀಸೆಯವನು ಒಂದು ಕೈಯಲ್ಲಿ ತಾಟು ಹಿಡಿದು ಇನ್ನೊಂದರಲ್ಲಿ ರೊಟ್ಟಿ ಮುರಿಯಲು ಹೋಗಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡ. “ಇಷ್ಟು ತ್ರಾಸ ಐತೇನಪಾ ಇದು!” ಎಂದು ಗೊಣಗಿ, ಮಂದಾಕಿನಿಯ ಕಡೆ ನೋಡಿ ತಲೆ ತಗ್ಗಿಸಿದ. ಉಣ್ಣುತ್ತಾ ಉಣ್ಣುತ್ತಾ ಎಲ್ಲರೂ ಕಾಲು ಬದಲಿಸತೊಡಗಿದರು. ಆ ಸಾಲಿನಲ್ಲಿ ಅವಳ ಚಡಪಡಿಕೆ ಬೇರೆಯಾಗಿ ಕಾಣಲಿಲ್ಲ. ಉರಿ ಇದ್ದಲ್ಲೇ ಇತ್ತು. ಆದರೂ ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡಳು.

ಕಸ್ತೂರೆವ್ವ ಮಾತ್ರ ಉಣ್ಣುತ್ತಿರಲಿಲ್ಲ. ಸೀರೆಯ ಅಂಚಿನ ಕೆಳಗೆ ಥರಥರ ನಡುಗುತ್ತಿದ್ದ ಮಾತೆಯವರ ಕಾಲುಗಳನ್ನೇ ನೋಡುತ್ತಿದ್ದಳು. ಕೊನೆಯ ತುತ್ತಿನವರೆಗೂ ಅವರು ಕೂರಲಿಲ್ಲ.

ಸಂಜೆಯ ಬಸ್ಸು ಅರ್ಧ ಖಾಲಿ ಇತ್ತು. ಮಂದಾಕಿನಿ ಕಂಬಿ ಹಿಡಿದಳು. ಕಸ್ತೂರೆವ್ವ ಸೀಟಿನ ಮೇಲೆ ಗಂಟು ಇಟ್ಟು, ತಾನು ಮಗಳ ಪಕ್ಕದಲ್ಲೇ ನಿಂತಳು.

“ಏ ಯಕ್ಕಾ, ಇಷ್ಟು ಸೀಟ್ ಖಾಲಿ ಅದಾವ, ಕುಂದರ್ರಿ!” ಎಂದ ಕಂಡಕ್ಟರ್.

ಕಸ್ತೂರೆವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: “ನನ್ನ ಮಗಳಿಗೆ ನೋವು ಐತ್ರಿ. ಆಕಿಗೆ ಕುಂದ್ರಾಕ ಆಗಂಗಿಲ್ಲ.” ಮತ್ತೆ ಮಗಳ ಕಡೆ ತಿರುಗಿ, ದನಿ ಇಳಿಸಿ, “ನಾಳೆ ಎಲ್ಲಿಗೂ ಕಳಸಂಗಿಲ್ಲ. ಅವ್ವಾರ ಕಿವಿಯಾಗ ಏನ ಹೇಳಿದೀ, ನನಗೂ ಹೇಳು,” ಎಂದಳು.

ಮಾತೆಯವರು ಕೇಳಿಸಿಕೊಂಡ ರೀತಿಯನ್ನೇ ನೆನೆದು, ಆ ತಾಯಿ ಬಸ್ಸಿನ ಗದ್ದಲದಲ್ಲಿ ತನ್ನ ಕಿವಿಯನ್ನು ಮಗಳ ಬಾಯಿಯ ಹತ್ತಿರ ತಂದಳು.